ನಂಜು ಎಂಬ ಮಾತು

ಪಾಠ ಹೇಳಿ ಹೇಳಿ ನನ್ನ ಗಂಟಲು ಸವೆದಿದೆ. ಬಸುರಿ ಹೆಂಗಸನ್ನು ಮೊದಲ ಸಲ ನೋಡುವಾಗ ಏನು ಕೇಳಬೇಕು, ಎಲ್ಲಿ ಒತ್ತಿ ನೋಡಬೇಕು, ಯಾವ ಲಕ್ಷಣ ಕಂಡರೆ ಹೆದರಬೇಕು ಎಂದು ನರ್ಸಿಂಗ್ ಕಲಿಯುವ ಹುಡುಗಿಯರಿಗೆ ವರ್ಷ ವರ್ಷವೂ ಅದನ್ನೇ ಹೇಳಿದೆ. ಅವರು ವರ್ಷ ವರ್ಷವೂ ಅದೇ ಜಾಗದಲ್ಲಿ ಆಕಳಿಸಿದರು. ಅವರದೇನೂ ತಪ್ಪಿಲ್ಲ, ಮಧ್ಯಾಹ್ನದ ಊಟವಾದ ಮೇಲೆ ಯಾರಿಗಾದರೂ ಕಣ್ಣು ಎಳೆಯುತ್ತದೆ. ನಾನು ಮಾತ್ರ ಆ ಪಾಠ ಕಲಿತದ್ದು ಶಾಲೆಯ ಬೆಂಚಿನ ಮೇಲಲ್ಲ. ಶಿರಸಿಯ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ, ಹೊಟ್ಟೆಗೆ ದಿಂಬು ಕಟ್ಟಿಕೊಂಡು ಕಲಿತೆ. ಆಗ ನನಗೆ ಹಾಲುಹಲ್ಲುಗಳು ಇನ್ನೂ ಪೂರ್ತಿ ಬಿದ್ದಿರಲಿಲ್ಲ.

ಅವ್ವ ಹೆರಿಗೆ ವಾರ್ಡಿನ ನರ್ಸು. ಅವಳ ನೌಕರಿಯ ಸಲುವಾಗಿಯೇ ನಮ್ಮ ಇಡೀ ಮನೆ ಬನವಾಸಿ ಕಡೆಯ ಹಳ್ಳಿಯಿಂದ ಎದ್ದು ಶಿರಸಿಗೆ ಬಂದಿತ್ತು. ಹೆಂಡತಿಯ ನೌಕರಿಯ ಹಿಂದೆ ಗಂಡ, ಗಂಡನ ಹಿಂದೆ ಗಂಡನ ತಾಯಿ, ತಾಯಿಯ ಹಿಂದೆ ತಮ್ಮ, ತಮ್ಮನ ಹಿಂದೆ ಅವನ ಹೆಂಡತಿ. ಊರಲ್ಲಿ ಜನ ಇದಕ್ಕೆ ಸಾಕಷ್ಟು ನಕ್ಕರಂತೆ. ಅಪ್ಪ ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದ. ಅವನ ತಮ್ಮ, ನಮ್ಮ ಕಾಕಾ, ಲಾರಿ ಓಡಿಸುತ್ತಿದ್ದ, ಮನೆಯಲ್ಲಿ ಇದ್ದದ್ದಕ್ಕಿಂತ ಹುಬ್ಬಳ್ಳಿ ರಸ್ತೆಯಲ್ಲಿ ಇದ್ದದ್ದೇ ಹೆಚ್ಚು. ಆಯಿ, ಅಂದರೆ ಅಪ್ಪನ ತಾಯಿ, ಅಡುಗೆಮನೆಯ ಯಜಮಾನಿ. ಮನೆ ಹಿಡಿದಾಗ ಅವ್ವ ನೋಡಿದ್ದು ಒಂದೇ, ದವಾಖಾನೆಗೆ ಹತ್ತಿರವಿರಬೇಕು. ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ಅದರ ಹಂಚಿನ ಮಾಡು ಕಾಣುತ್ತಿತ್ತು.

ಆ ಮನೆಗೆ ಮೂರು ಭಾಗ, ಮೂರಕ್ಕೂ ಬೇರೆ ಬೇರೆ ಕಾನೂನು. ಪಡಸಾಲೆ ಅವ್ವನದು. ಅಡುಗೆಮನೆ ಆಯಿಯದು. ನಡುವಿನ ಕೋಣೆ ಯಾರದೂ ಅಲ್ಲ, ಮಲಗುವವರದು. ಅವ್ವ ವಾರ್ಡಿನಿಂದ ಬಂದರೆ ಸ್ನಾನವಾಗದೆ ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಹೀಗಾಗಿ ನನ್ನ ನೆನಪಿನ ಅವ್ವನ ಕೂದಲು ಯಾವಾಗಲೂ ಒದ್ದೆ, ಅವಳ ತಟ್ಟೆಯ ರೊಟ್ಟಿ ಯಾವಾಗಲೂ ತಣ್ಣಗೆ. ಅತ್ತೆಗೂ ಸೊಸೆಗೂ ಎಣ್ಣೆ ಸೀಗೇಕಾಯಿ ಸಂಬಂಧ. ಆದರೆ ಅದು ಕೂಗಾಟದ ಜಗಳವಲ್ಲ, ದಣಿದವರ ಜಗಳ. ಅವ್ವ ಏನೋ ಹೇಳುತ್ತಿದ್ದಳು, ಆಯಿ ಕೇಳಿಸದವಳಂತೆ ಹಿಟ್ಟು ನಾದುತ್ತಿದ್ದಳು. ನೀರು ಕುದಿಸಿ ಕುಡಿಯಿರಿ ಎಂದರೆ ಕೊಡದ ನೀರು ಚೆಲ್ಲಿ ಬಾವಿಯಿಂದ ಹೊಸದಾಗಿ ಸೇದಿ ತರುತ್ತಿದ್ದಳು. ನೊಣ ಕೂತದ್ದನ್ನು ಎಸೆಯಿರಿ ಎಂದರೆ ತಾನೇ ತಿಂದು ತೋರಿಸುತ್ತಿದ್ದಳು. ಸೊಸೆಯ ಸಂಬಳದಲ್ಲಿ ಉಣ್ಣುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಿತ್ತು, ಅದಕ್ಕಾಗಿಯೇ ಸೊಸೆಯ ಮಾತು ಕೇಳಬಾರದೆಂಬ ಹಟ ಹಿಡಿದಿದ್ದಳು ಎಂದು ಈಗ ಅನಿಸುತ್ತದೆ.

ವಾರ್ಡಿನಲ್ಲಿ ಪಾಠ ಹೇಳಲು ಜಾಗವಿರಲಿಲ್ಲ. ಇದ್ದ ಒಂದು ವರಾಂಡದಲ್ಲೂ ಬಾಣಂತಿಯರ ಕಡೆಯವರು ಮಲಗಿರುತ್ತಿದ್ದರು. ಅದಕ್ಕೆ ನರ್ಸಿನ ಕೆಲಸ ಕಲಿಯುವ ಹುಡುಗಿಯರು ಮಧ್ಯಾಹ್ನ ನಮ್ಮ ಮನೆಗೆ ಬಂದು ಚಾಪೆಯ ಮೇಲೆ ಕೂರುತ್ತಿದ್ದರು. ಪಾಠಕ್ಕೆ ಬಸುರಿ ಬೇಕಲ್ಲ? ಅವ್ವ ನನ್ನ ಹೊಟ್ಟೆಗೆ ದಿಂಬು ಇಟ್ಟು ಹಳೆಯ ಸೀರೆಯಲ್ಲಿ ಬಿಗಿದು ಕೂರಿಸುತ್ತಿದ್ದಳು. ಹುಡುಗಿಯರು ಒಬ್ಬೊಬ್ಬರಾಗಿ ನನ್ನನ್ನು ವಿಚಾರಿಸಬೇಕು. ಮುಟ್ಟು ನಿಂತದ್ದು ಯಾವಾಗ, ಇದು ಎಷ್ಟನೆಯದು, ಹಿಂದಿನದು ಉಳಿದಿದೆಯೇ ಎಂದು ಕೇಳಬೇಕು. ಕಣ್ಣಿನ ರೆಪ್ಪೆ ಎಳೆದು ರಕ್ತವಿದೆಯೇ ನೋಡಬೇಕು. ಮೊಣಕಾಲ ಕೆಳಗೆ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದು, ಗುಳಿ ಬಿತ್ತೇ ನೋಡಬೇಕು. ನಾನು ಬಾಯಿಪಾಠ ಮಾಡಿದ ಉತ್ತರ ಒಪ್ಪಿಸುತ್ತಿದ್ದೆ.

"ಶೀಗಿ ಹುಣ್ಣಿವಿ ಮುಂದ ಆಗಿದ್ದೆರೀ ಬಾಯಾರ, ಆಮ್ಯಾಲಿಲ್ಲ."

ಹಳ್ಳಿಯ ಹೆಂಗಸರು ತಾರೀಖು ಹೇಳುವುದಿಲ್ಲ, ಹಬ್ಬ ಹೇಳುತ್ತಾರೆ, ಮಳೆಯ ನಕ್ಷತ್ರ ಹೇಳುತ್ತಾರೆ. ಅದನ್ನು ಹಿಡಿದು ದಿನ ಎಣಿಸಲು ಹುಡುಗಿಯರಿಗೆ ಬರಬೇಕು ಎಂಬುದು ಅವ್ವನ ಹಟ. ನನಗೆ ಅದೊಂದು ಆಟ. ಆಯಿಗೆ ಮಾತ್ರ ಅದು ಅಪಶಕುನ. ಪಾಠದ ಹೊತ್ತಿಗೆ ಅವಳು ಅಡುಗೆಮನೆಯ ಬಾಗಿಲು ಹಾಕಿಕೊಂಡು ಒಳಗೇ ಕೂರುತ್ತಿದ್ದಳು. ಹುಡುಗಿಯರು ಎದ್ದು ಹೋದ ಮೇಲೆ ಹೊರಗೆ ಬಂದು ನನ್ನ ನಡುವಿನ ಸೀರೆ ಬಿಚ್ಚುತ್ತ ಅವ್ವನಿಗೆ ಕೇಳುವಂತೆ ಹೇಳುತ್ತಿದ್ದಳು.

"ಹೆಣ್ಣಕೂಸಿನ ಹೊಟ್ಟಿ ಮ್ಯಾಲ ಇಂಥಾ ಆಟ ಆಡಬಾರದವಾ. ದೇವರು ಖರೇ ಅಂತ ತಿಳ್ಕೊಂತಾನ."

ಅವ್ವನ ದೊಡ್ಡ ಕಷ್ಟ ಎಂದರೆ ಮಾತಿನದು. ಅವಳು ಕಲಿತದ್ದು ಮುಂಬಯಿ ಸರಕಾರದ ಕಾಲದಲ್ಲಿ, ಮರಾಠಿ ಮಾತಾಡುವ ಮೇಟ್ರನ್ ಕೈಕೆಳಗೆ, ಇಂಗ್ಲಿಷ್ ಪುಸ್ತಕದಿಂದ. ನಮ್ಮ ಚಾಪೆಯ ಮೇಲೆ ಕೂರುತ್ತಿದ್ದ ಹುಡುಗಿಯರಿಗೆ ಎರಡೂ ಬಾರದು. ಈಗ ರಾಜ್ಯ ಬೇರೆಯಾಗಿತ್ತು, ಕಚೇರಿಗಳಲ್ಲಿ ಕನ್ನಡ ಬಂದಿತ್ತು, ಆದರೆ ಬಸುರಿಯ ಪಾಠಕ್ಕೆ ಕನ್ನಡ ಪುಸ್ತಕ ಯಾರೂ ಕೊಟ್ಟಿರಲಿಲ್ಲ. ಒಂದೊಂದು ರೋಗಕ್ಕೂ ಅವ್ವನೇ ಹೆಸರು ಹುಡುಕಬೇಕು. ರೊಟ್ಟಿ ಮುರಿಯುತ್ತ, ಬಟ್ಟೆ ಮಡಿಸುತ್ತ ಅವಳು ಪದ ಹುಡುಕುತ್ತಿದ್ದಳು. ಬಸುರಿಯ ಕಾಲು ಮುಖ ಬಾತು, ರಕ್ತದ ಒತ್ತಡ ಏರಿ, ಉಚ್ಚೆಯಲ್ಲಿ ಅಲ್ಬುಮಿನ್ ಎಂಬ ಸತ್ವ ಹೋಗುವ ರೋಗವನ್ನು ಪುಸ್ತಕ ಆಗ ಟಾಕ್ಸೀಮಿಯಾ ಎನ್ನುತ್ತಿತ್ತು. ರಕ್ತದಲ್ಲಿ ವಿಷ ಸೇರಿದೆ ಎಂಬ ಅರ್ಥ. ಅವ್ವ ಅದಕ್ಕೆ "ನಂಜು" ಎಂದು ಹೆಸರಿಟ್ಟಳು. ಆ ಪದ ಸಿಕ್ಕ ದಿನ ಅವಳು ಖುಷಿಯಾಗಿದ್ದಳು. ನನ್ನ ತಲೆ ಬಾಚುತ್ತ, ಎಷ್ಟು ಚೆಂದ ಕೂತಿತು ನೋಡು, ಎಂದು ಅಪ್ಪನಿಗೆ ಹೇಳಿದ್ದಳು. ಮರುದಿನ ಹುಡುಗಿಯರೆಲ್ಲ ಒಟ್ಟಾಗಿ ಹೇಳಿದರು, ನಂಜು, ನಂಜು.

ಬಾಗಿಲ ಆಚೆ, ಅಡುಗೆಮನೆಯಲ್ಲಿ, ಅದೇ ಪದ ಆಯಿಯ ಬಾಯಲ್ಲೂ ದಿನಕ್ಕೊಮ್ಮೆ ಬರುತ್ತಿತ್ತು. ಅಲ್ಲಿ ಅದರ ಸಂಸಾರ ಬೇರೆ. ಕಾಲಿಗೆ ಮುಳ್ಳು ನೆಟ್ಟು ಕೀವಾದರೆ ನಂಜಾಗಿದೆ ಎಂದರ್ಥ. ಬದನೆಕಾಯಿ ನಂಜು, ಅವರೆ ನಂಜು, ಶೇಂಗಾ ನಂಜು, ಕುಂಬಳಕಾಯಿ ನಂಜು. ಗಾಯವಾದವರು ಅವನ್ನು ತಿನ್ನಬಾರದು. ನಂಜಿಗೆ ಮದ್ದು ಪಥ್ಯ. ಅನ್ನ, ಮೆಣಸಿನ ಸಾರು, ಭರಣಿಯ ತಳದಲ್ಲಿ ಕಪ್ಪಗಾದ ಹಳೆಯ ನಿಂಬೆ ಉಪ್ಪಿನಕಾಯಿ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ, ಅವ್ವನಿಗೂ ಗೊತ್ತಿದ್ದದ್ದೇ. ಅವಳಿಗೂ ಚಿಕ್ಕಂದಿನಲ್ಲಿ ಮುಳ್ಳು ನೆಟ್ಟಿರಲೇಬೇಕು. ಆದರೆ ಪಡಸಾಲೆಯಲ್ಲಿ ಕೂತಾಗ ಅವಳಿಗೆ ಅಡುಗೆಮನೆ ನೆನಪಾಗುತ್ತಿರಲಿಲ್ಲ.

ಕಾಕಾನ ಹೆಂಡತಿ ನೀಲವ್ವ ಚಿಗವ್ವನಿಗೆ ಮದುವೆಯಾಗಿ ಬಹಳ ವರ್ಷಕ್ಕೆ ಬಸಿರು ನಿಂತಿತ್ತು. ಅವಳಿಗೆ ತೌರಿರಲಿಲ್ಲ, ಹೆರಿಗೆ ನಮ್ಮ ಮನೆಯಲ್ಲೇ ಎಂದಾಗಿತ್ತು. ಚಿಗವ್ವ ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವ, ಏನು ಕೇಳಿದರೂ ಇಲ್ಲವೆನ್ನದ ಹೆಂಗಸು. ಆಯಿಗೆ ಅವಳೆಂದರೆ ಪ್ರಾಣ. ಮೊದಲ ಸೊಸೆ ಸರಕಾರದವಳು, ಎರಡನೆಯವಳು ತನ್ನವಳು. ಅವಳ ಬಯಕೆಗೆ ಆಯಿ ಮಾಡದ ಅಡುಗೆಯಿಲ್ಲ. ಎಣ್ಣೆಗಾಯಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಹೋಳಿಗೆ, ಕೇಳಿದ್ದು, ಕೇಳದ್ದು. ಅದೇ ಒಲೆಯ ಮುಂದೆ ನಾವೂ ಆ ತಿಂಗಳುಗಳಲ್ಲಿ ಚೆನ್ನಾಗಿ ತಿಂದೆವು. ಅವ್ವನೂ ತಿಂಗಳಿಗೊಮ್ಮೆ ಅವಳನ್ನು ವಾರ್ಡಿಗೆ ಕರೆದುಕೊಂಡು ಹೋಗಿ ನೋಡುತ್ತಿದ್ದಳು, ಎಲ್ಲ ಸರಿಯಾಗಿತ್ತು.

ಆಗ ಯಲ್ಲಾಪುರದ ನರ್ಸು ರಜೆಯ ಮೇಲೆ ಹೋದಳು, ಅವಳ ಜಾಗಕ್ಕೆ ಕೆಲವು ದಿನ ಅವ್ವ ಹೋಗಬೇಕೆಂದು ಹುಕುಮು ಬಂತು. ಹೊರಡುವ ಮುಂಜಾನೆ ಚಿಗವ್ವ ಚಹಾ ತಂದುಕೊಟ್ಟು ನಿಂತಾಗ ಅವ್ವನ ಕಣ್ಣು ಅವಳ ಪಾದಕ್ಕೆ ಬಿತ್ತು. ಕೂತು ಹೆಬ್ಬೆರಳು ಒತ್ತಿ ನೋಡಿದಳು. ಸಣ್ಣ ಗುಳಿ, ಕೂಡಲೇ ತುಂಬಿಕೊಂಡಿತು. ದಿನ ತುಂಬುತ್ತ ಬಂದ ಎಷ್ಟೋ ಜನರಿಗೆ ಅಷ್ಟು ಬಾವು ಇರುತ್ತದೆ. ಬಸ್ಸಿಗೆ ಹೊತ್ತಾಗಿತ್ತು, ಅಪ್ಪ ಟ್ರಂಕು ಎತ್ತಿಕೊಂಡು ಬೀದಿಯಲ್ಲಿ ನಿಂತಿದ್ದ. ಅವ್ವ ಅಡುಗೆಮನೆಯ ಹೊಸ್ತಿಲ ಆಚೆಯಿಂದಲೇ ಹೇಳಿದಳು.

"ಅತ್ತೀ, ನೀಲವ್ವಗ ನಂಜಿನ ಲಕ್ಷಣ ಸ್ವಲ್ಪ ಕಾಣತೈತಿ. ಭಾಳ ಜ್ವಾಕಿ ಮಾಡ್ರಿ. ನಂಜು ಏರಿದ್ರ ಜೀವಕ್ಕ ಬರತೈತಿ."

"ನಂಜೇನ?" ಎಂದಳು ಆಯಿ, ಕೈಯಲ್ಲಿದ್ದ ಹಿಟ್ಟನ್ನು ಬಿಟ್ಟು.

"ಹೌದ್ರಿ. ನಿಮ್ಮ ಮ್ಯಾಲ ಬಿಟ್ಟ ಹೊಂಟೀನಿ."

"ನೀ ಹೋಗು. ನಾ ನೋಡ್ಕೊಂತೀನಿ."

ಅಷ್ಟು ವರ್ಷದಲ್ಲಿ ಅತ್ತೆ ಸೊಸೆಯ ನಡುವೆ ನಾನು ಕೇಳಿದ ಒಳ್ಳೆಯ ಮಾತು ಅದೊಂದೇ. ಅವ್ವ ಸಮಾಧಾನದಿಂದ ಬಸ್ಸು ಹತ್ತಿದಳು.

ಆಯಿ ತನ್ನ ಜೀವಮಾನದಲ್ಲಿ ಅವ್ವನ ಮಾತನ್ನು ಅಕ್ಷರಕ್ಕೆ ಅಕ್ಷರ ನಡೆಸಿದ್ದು ಆಗ ಮಾತ್ರ. ಅದೇ ದಿನ ಮನೆಯಲ್ಲಿದ್ದ ಬದನೆಕಾಯಿಯನ್ನೆಲ್ಲ ಪಕ್ಕದ ಮನೆಗೆ ಕೊಟ್ಟಳು. ಶೇಂಗಾ ಡಬ್ಬಿ ಅಟ್ಟ ಸೇರಿತು. ಬೇಳೆ ವಾಯು ಎಂದು ನಿಂತಿತು, ಹಾಲು ಬಾವು ಏರಿಸುತ್ತದೆ ಎಂದು ಅದೂ ನಿಂತಿತು. ಚಿಗವ್ವನಿಗೆ ಮೂರು ಹೊತ್ತೂ ಮೆತ್ತಗೆ ಬೆಂದ ಅನ್ನ, ಮೆಣಸಿನ ಸಾರು, ಹಳೆಯ ನಿಂಬೆಕಾಯಿ. ಆ ನಿಂಬೆಕಾಯಿಯಲ್ಲಿ ಉಪ್ಪಲ್ಲದೆ ಬೇರೇನೂ ಉಳಿದಿರಲಿಲ್ಲ. ಬಾವು ಬಂದ ಬಸುರಿಗೆ ಉಪ್ಪು ಕಡಿಮೆ ಕೊಡಿ ಎಂದು ಅದೇ ಮನೆಯ ಪಡಸಾಲೆಯಲ್ಲಿ ವರ್ಷವಿಡೀ ಪಾಠ ನಡೆದಿತ್ತು. ಹಸಿದ ಚಿಗವ್ವ ಒಂದು ಸಲ, ಒಂಚೂರು ಹಿಂಡಿ ಕೊಡ್ರಿ ಅತ್ತಿ, ಎಂದಾಗ ಆಯಿಯ ಕಣ್ಣಲ್ಲಿ ನೀರು ಬಂತು. ಕೊಡಲಿಲ್ಲ.

"ಬ್ಯಾಡ ನನ್ನವ್ವ. ನಿನ್ನ ನೆಗೆಣ್ಣಿ ಹೇಳಿ ಹೋಗ್ಯಾಳ. ಕಲ್ತಾಕಿ ಅಕಿ. ಹಡದಮ್ಯಾಲ ಬೇಕಾದ್ದ ತಿನ್ನಾಕಿ."

ತಾನು ಸೊಸೆಯನ್ನು "ಕಲ್ತಾಕಿ" ಎಂದು ಹೊಗಳಿದ್ದು ಆಯಿಗೇ ಹೊಸದು. ಆ ದಿನಗಳಲ್ಲಿ ಅವಳ ಮುಖದಲ್ಲಿ ಒಂದು ಕಳೆ ಇತ್ತು. ಇಬ್ಬರು ಹೆಂಗಸರು ಒಂದೇ ಕೆಲಸಕ್ಕೆ ಕೈ ಹಾಕಿದ್ದಾರೆ ಎಂಬಂತೆ ಓಡಾಡುತ್ತಿದ್ದಳು.

ಪಥ್ಯದಿಂದ ಬಾವು ಇಳಿಯಲಿಲ್ಲ. ಪಾದದಿಂದ ಮೊಣಕಾಲಿಗೆ ಏರಿತು, ಕೈಗೆ ಬಂತು. ಸೀಮಂತಕ್ಕೆಂದು ತೊಡಿಸಿದ ಹಸಿರು ಬಳೆಗಳು ಕೈಯಲ್ಲಿ ಆಡುವುದನ್ನು ನಿಲ್ಲಿಸಿದವು. ಚಿಗವ್ವ ನಡೆದರೆ ಸದ್ದು ಬರುತ್ತಿರಲಿಲ್ಲ. ಆಗ ಸಾವಿತ್ರಿ ಬಂದಳು. ಸಾವಿತ್ರಿ ಅವ್ವನ ಹತ್ತಿರ ಕಲಿಯುತ್ತಿದ್ದ ಹುಡುಗಿಯರಲ್ಲಿ ಒಬ್ಬಳು, ಹೆಗ್ಗರಣೆ ಕಡೆಯವಳು, ಚಿಕ್ಕ ವಯಸ್ಸಿಗೆ ಗಂಡನನ್ನು ಕಳಕೊಂಡು, ಮನೆಯವರ ಜೊತೆ ಕಾದಾಡಿ ಈ ಕೆಲಸಕ್ಕೆ ಬಂದವಳು. ಅವ್ವ ಊರಿಂದ ಬಂದಳೋ ಎಂದು ಕೇಳಲು ಬಂದವಳು ಚಿಗವ್ವನ ಕಾಲು ನೋಡಿದಳು, ಒತ್ತಿದಳು. ಗುಳಿ ಹಾಗೇ ಉಳಿಯಿತು. ನನ್ನ ಕಾಲನ್ನು ಎಷ್ಟೋ ಸಲ ಒತ್ತಿದ ಅದೇ ಬೆರಳು.

"ಆಯಿ, ಇದು ನಂಜೇ ಸೈ," ಎಂದಳು ತನ್ನ ಊರ ಕಡೆಯ ಮಾತಿನಲ್ಲಿ.

"ಗೊತ್ತೈತವಾ. ನಿಮ್ಮ ಅಕ್ಕೋರ ಹೇಳೇ ಹೋಗ್ಯಾರ. ಪಥ್ಯ ನಡದೈತಿ."

"ಬದನೇಕಾಯಿ ಕೊಡ್ತ್ರಿಲ್ಲೆ ಅಲ್ದ?"

"ಮನಿಯಾಗ ಇಟ್ಟಿಲ್ಲ."

"ಹಂಗಾರೆ ಅಡ್ಡಿಲ್ಲೆ. ಆನು ಇನ್ನೊಂದಿನ ಬತ್ತೆ."

ಸಾವಿತ್ರಿ ದಡ್ಡಿಯಲ್ಲ. ಕೇಳಿದ್ದರೆ ಆ ಪಾಠವನ್ನು ಪೂರ್ತಿ ಒಪ್ಪಿಸುತ್ತಿದ್ದಳು. ನಂಜಿನ ಲಕ್ಷಣ ಮೂರು, ಅದಕ್ಕೆ ಮಾಡುವ ಪರೀಕ್ಷೆ ಇಂಥದು ಎಂದು. ಆದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಬ್ಬ ಹಿರಿಯಳು "ಪಥ್ಯ ನಡೆದಿದೆ" ಎಂದಾಗ ಅವಳ ಒಳಗಿದ್ದ ಹೆಗ್ಗರಣೆಯ ಮಗಳು ತಲೆಯಾಡಿಸಿದಳು, ನರ್ಸು ಸುಮ್ಮನಾದಳು. ಪಥ್ಯದಿಂದ ಚಿಗವ್ವನಿಗೆ ರೋಗ ಬಂತು ಎಂದು ನಾನು ಹೇಳುತ್ತಿಲ್ಲ, ರೋಗ ಅದಕ್ಕೂ ಮೊದಲೇ ಬಂದಿತ್ತು. ಪಥ್ಯ ಮಾಡಿದ್ದು ಬೇರೆ. ಪಥ್ಯ ನಡೆದಿದೆ ಎಂದರೆ ಮದ್ದು ನಡೆದಿದೆ ಎಂದೇ ಎಲ್ಲರ ಲೆಕ್ಕ. ಎಲ್ಲರೂ ಗುಣವಾಗುವುದನ್ನು ಕಾಯುತ್ತ ಕೂತರು. ಅಪ್ಪ ಅಂಗಡಿಗೆ ಹೋಗಿ ಬಂದ. ಕಾಕಾ ಒಂದು ದಿನ ಬಂದು, ಹೆಂಡತಿಯ ಮುಖ ಊದಿಕೊಂಡದ್ದು ನೋಡಿ, ಮೈ ಕೈ ತುಂಬಿಕೊಂಡಿದ್ದಾಳೆ ಎಂದು ಹಿಗ್ಗಿ ಮತ್ತೆ ಲಾರಿ ಹತ್ತಿದ.

ಚಿಗವ್ವನಿಗೆ ತಲೆನೋವು ಶುರುವಾಯಿತು. ಆಯಿ ಶುಂಠಿ ತೇಯ್ದು ಹಣೆಗೆ ಹಚ್ಚಿದಳು. ಕಣ್ಣ ಮುಂದೆ ಮಂಜು ಬಂದಂತಾಗುತ್ತದೆ ಎಂದಳು, ಪಥ್ಯ ಇನ್ನೂ ಬಿಗಿಯಾಯಿತು. ಅವ್ವ ಯಲ್ಲಾಪುರದಿಂದ ಬಂದದ್ದು ಒಂದು ಮಧ್ಯಾಹ್ನ. ಟ್ರಂಕು ಕೆಳಗಿಡುವ ಮೊದಲೇ ನಡುವಿನ ಕೋಣೆಯಲ್ಲಿ ಗೋಡೆಗೊರಗಿ ಕೂತ ಚಿಗವ್ವನನ್ನು ನೋಡಿದಳು. ನಾನು ಅವ್ವನ ಮುಖ ನೋಡುತ್ತಿದ್ದೆ. ಆ ಮುಖವನ್ನು ಇಷ್ಟು ವರ್ಷಗಳಲ್ಲಿ ನಾನು ಬೇರೆಯವರಲ್ಲೂ ಕಂಡಿದ್ದೇನೆ. ಕನ್ನಡಿಯಲ್ಲೂ ಒಂದೆರಡು ಸಲ ಕಂಡಿದ್ದೇನೆ.

ಅವಳು ಕಾಲಿನ ಚಪ್ಪಲಿ ಕೂಡ ಪೂರ್ತಿ ಬಿಡದೆ, ಸ್ನಾನವಿಲ್ಲದೆ, ಚಿಗವ್ವನ ಉಚ್ಚೆಯನ್ನು ಗಾಜಿನ ನಳಿಗೆಯಲ್ಲಿ ಹಿಡಿದು ಅಡುಗೆಮನೆಗೆ ನಡೆದಳು. ಒಲೆಯ ಕೆಂಡದ ಮೇಲೆ ಹಿಡಿದು ಕಾಯಿಸಿದಳು. ಅನ್ನದ ಗಡಿಗೆ ಪಕ್ಕದಲ್ಲೇ ಇತ್ತು. ಆಯಿ ಸರಿದು ಜಾಗ ಬಿಟ್ಟಳು. ಮೇಲಿನ ಅರ್ಧ ಮೊದಲು ಮಬ್ಬಾಯಿತು, ಆಮೇಲೆ ಒಡೆದ ಹಾಲಿನಂತೆ ಬೆಳ್ಳಗೆ ಗಟ್ಟಿಯಾಗಿ ನಿಂತಿತು. ಅದು ಅಲ್ಬುಮಿನ್. ಅವ್ವ ನಳಿಗೆಯನ್ನು ಒಲೆಯ ಕಟ್ಟೆಯ ಮೇಲೆ ಇಟ್ಟು ಕೇಳಿದಳು.

"ದವಾಖಾನಿಗೆ ಯಾಕ ಕರಕೊಂಡ ಹೋಗಲಿಲ್ರಿ?"

"ನಂಜು ಅಂದಿ," ಎಂದಳು ಆಯಿ. "ನಂಜಿಗೆ ಯಾರರ ದವಾಖಾನಿಗೆ ಹೋಗತಾರೇನು?"

ಅಪ್ಪನನ್ನು ಅಂಗಡಿಯಿಂದ ಕರೆಸಿದರು. ಕುರ್ಚಿಯಲ್ಲಿ ಕೂರಿಸಿ ಅಪ್ಪ ಮತ್ತು ಪಕ್ಕದ ಮನೆಯವರು ಎತ್ತಿಕೊಂಡು ಹೊರಟರು. ವಾರ್ಡಿನ ಮೆಟ್ಟಿಲಲ್ಲಿ ಚಿಗವ್ವನ ಕಣ್ಣು ಮೇಲೆ ಹೋಯಿತು, ಹಲ್ಲು ಕಚ್ಚಿತು, ಮೈಯೆಲ್ಲ ಸೆಟೆದು ಅದುರಿತು. ಹಿಂದೆ ಓಡಿಬಂದಿದ್ದ ನನ್ನ ಮುಖವನ್ನು ಯಾರೋ ಸೆರಗಿನಲ್ಲಿ ಮುಚ್ಚಿದರು. ಕತ್ತಲೆ ಕೋಣೆಯಲ್ಲಿ ಮಲಗಿಸಿ, ಸದ್ದಾಗದಂತೆ ಬಾಗಿಲು ಹಾಕಿ, ಡಾಕ್ಟರು ಸೂಜಿ ಹಾಕಿದರು. ಚಿಗವ್ವ ಬದುಕಿದಳು. ಕೂಸು ಹೊಟ್ಟೆಯಲ್ಲೇ ತೀರಿಹೋಗಿತ್ತು. ಗಂಡು ಕೂಸು, ತಲೆತುಂಬ ಕೂದಲು ಇತ್ತು ಎಂದು ಆಮೇಲೆ ಯಾರೋ ಹೇಳಿದರು. ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ.

ವಾರ್ಡಿನ ವರಾಂಡದಲ್ಲಿ ಆಯಿ ನೆಲದ ಮೇಲೆ ಕೂತಿದ್ದಳು. ಅವ್ವ ಒಳಗಿಂದ ಬಂದು ಅವಳ ಪಕ್ಕದಲ್ಲಿ ಕೂತಳು. ಬಯ್ಯುತ್ತಾಳೆ ಎಂದುಕೊಂಡೆ. ಆಯಿಯೇ ಮೊದಲು ಮಾತಾಡಿದಳು, ಮೆಲ್ಲಗೆ, ಲೆಕ್ಕ ಒಪ್ಪಿಸುವವಳಂತೆ.

"ನೀ ಹೇಳಿದಂಗ ಮಾಡೀನಿ."

"ಹೌದ್ರಿ ಅತ್ತಿ," ಎಂದಳು ಅವ್ವ. "ಮಾಡೀರಿ."

ನನಗೆ ಇಬ್ಬರ ಮೇಲೂ ಸಿಟ್ಟು ಬಂದಿತ್ತು. ಯಾರ ಮೇಲೆ ಇಡಬೇಕೆಂದು ತಿಳಿಯದ ಸಿಟ್ಟು ಬಹಳ ವರ್ಷ ಬಾಳುತ್ತದೆ. ಮುಂದೆ ನಾನು ಓದಿದ ಪುಸ್ತಕಗಳಲ್ಲಿ ಆ ರೋಗದ ಹೆಸರು ಬದಲಾಯಿತು, ರಕ್ತದಲ್ಲಿ ವಿಷವೇ ಇಲ್ಲ ಎಂದೂ ಹೇಳಿದರು. ನಾನು ನಕ್ಕೆ, ನಗು ಬರದಿದ್ದರೂ. ನನ್ನ ವಿದ್ಯಾರ್ಥಿನಿಯರು ನನ್ನನ್ನು ಗೇಲಿ ಮಾಡುತ್ತಿದ್ದದ್ದು ಒಂದೇ ಕಾರಣಕ್ಕೆ. ಹಳ್ಳಿಯ ಹೆಂಗಸಿಗೆ ಒಂದು ವಿಷಯ ಹೇಳಿದ ಮೇಲೆ, ಈಗ ಮನೆಗೆ ಹೋಗಿ ಏನು ಮಾಡುತ್ತೀ ಹೇಳು, ಎಂದು ಅವಳ ಬಾಯಿಂದಲೇ ಕೇಳದೆ ನಾನು ಯಾರನ್ನೂ ಕಳಿಸಲು ಬಿಡುತ್ತಿರಲಿಲ್ಲ. ಇದರಿಂದ ಸಾಲು ಉದ್ದವಾಗುತ್ತಿತ್ತು, ಎಲ್ಲರಿಗೂ ಊಟಕ್ಕೆ ತಡವಾಗುತ್ತಿತ್ತು.

ಕೆಲವು ವಾರ ಪಡಸಾಲೆಯಲ್ಲಿ ಪಾಠ ನಡೆಯಲಿಲ್ಲ. ಮತ್ತೆ ಶುರುವಾದ ದಿನ ದಿಂಬು ತರಲು ಅವ್ವ ನನಗೆ ಹೇಳಲಿಲ್ಲ, ನಾನೂ ತರಲಿಲ್ಲ. ಚಿಗವ್ವ ನಡುವಿನ ಕೋಣೆಯಲ್ಲಿ ಮಲಗಿದ್ದಳು, ಎಚ್ಚರವಿದ್ದಳು. ಅವ್ವ ಕಾಲಿನ ಬಾವಿನ ಪಾಠಕ್ಕೆ ಬಂದು, ಇದಕ್ಕೆ, ಎಂದಳು. ನಂಜು ಎಂಬ ಪದ ಬಾಯಿಂದ ಹೊರಡಲಿಲ್ಲ. ಹುಡುಗಿಯರು ತಲೆ ತಗ್ಗಿಸಿದರು. ಆಗ ಅಡುಗೆಮನೆಯ ಬಾಗಿಲು ತೆರೆದು ಆಯಿ ಬಂದಳು. ಕೈ ಒರೆಸಿಕೊಂಡು ಚಾಪೆಯ ತುದಿಯಲ್ಲಿ, ಹುಡುಗಿಯರ ಸಾಲಿನಲ್ಲೇ ಕೂತಳು. ಕಡೆಗೆ ಸಾವಿತ್ರಿಯೇ, ತಲೆ ಎತ್ತದೆ, ಆಯಿಯನ್ನು ಕೇಳಿದಳು.

"ನಂಜು ಅಂತ ಹೇಳದೆ, ಮತ್ತೆ ಎಂತ ಹೇಳಕ್ಕಾಗಿತ್ತು ಆಯಿ?"

"ನನಗೇನ ಗೊತ್ತವಾ," ಎಂದಳು ಆಯಿ. "ಕರಕೊಂಡ ಹೋಗು ಅಂದಿದ್ರ ಹೋಗತಿದ್ದೆ. ದವಾಖಾನಿ ಇಲ್ಲೇ ಐತಿ. ಅಕಿ ನಡಕೊಂತನ ಬರತಿದ್ಲು."